ಬಿಚ್ರಿಯ ಬಾವಿಗಳು

ಫ್ಯಾಕ್ಟರಿ ನೀರಿಂದ ಬಾವಿ ಕೆಟ್ಟರೆ ಅದನ್ನ ಸರಿ ಮಾಡೋ ಖರ್ಚು ಯಾರದ್ದು? ನಮ್ಮ ದೇಶದಲ್ಲಿ ಈ ಪ್ರಶ್ನೆಗೆ ಸುಪ್ರೀಂ ಕೋರ್ಟು ಗಟ್ಟಿಯಾಗಿ ಉತ್ತರ ಕೊಟ್ಟಿದ್ದು ರಾಜಸ್ಥಾನದ ಉದಯಪುರದ ಹತ್ತಿರ ಇರುವ ಬಿಚ್ರಿ ಅನ್ನೋ ಹಳ್ಳಿಯ ಕೇಸಿನಲ್ಲಿ. ನಮ್ಮ ಕಡೆ ಕೈಗಾರಿಕೆಗೆ ಜಮೀನು ಅಂದ್ರೆ ಎಕರೆಗೆ ಎಷ್ಟು ಅನ್ನೋದೊಂದೇ ಮಾತು. ಜಮೀನು ಮಾರದೆ ಪಕ್ಕದಲ್ಲೇ ಉಳಿಯೋ ರೈತನ ಬಾವಿ ವಿಷಯ ಯಾರೂ ಎತ್ತಲ್ಲ. ಅದಕ್ಕೇ ಈ ಊರಿನ ಚರಿತ್ರೆ ಬರೀತಿದ್ದೀನಿ.

1987ರಲ್ಲಿ ಅಲ್ಲಿ ಹಿಂದೂಸ್ತಾನ್ ಆಗ್ರೋ ಕೆಮಿಕಲ್ಸ್ ಅನ್ನೋ ಕಂಪನಿ ಶುರುವಾಯ್ತು. ಮಾಡ್ತಿದ್ದಿದ್ದು ಗಂಧಕಾಮ್ಲದ ಜಾತಿಯ ರಾಸಾಯನಿಕ ಮತ್ತು ಸೂಪರ್ ಫಾಸ್ಫೇಟ್. ಹೌದು, ನಾವು ಹೊಲಕ್ಕೆ ಹಾಕೋ ಅದೇ ಗೊಬ್ಬರ. ನಿಜವಾದ ಅನಾಹುತ ಆಗಿದ್ದು ಅದೇ ಕಾಂಪೌಂಡಿನೊಳಗೆ ಸಿಲ್ವರ್ ಕೆಮಿಕಲ್ಸ್ ಅನ್ನೋ ಸೋದರ ಕಂಪನಿ 'ಎಚ್ ಆ್ಯಸಿಡ್' ತಯಾರಿಸೋಕೆ ನಿಂತಾಗ. ಇದು ಬಟ್ಟೆ ಬಣ್ಣಕ್ಕೆ ಬೇಕಾಗುವ ಕಚ್ಚಾಮಾಲು. ವಿದೇಶಕ್ಕೆ ಹೋಗೋ ಸರಕು. ಪಶ್ಚಿಮದ ದೇಶಗಳು ತಮ್ಮಲ್ಲಿ ಇದನ್ನ ತಯಾರಿಸೋದು ನಿಲ್ಲಿಸಿದ್ದವು, ಕೊಳ್ಳೋದು ನಿಲ್ಲಿಸಿರಲಿಲ್ಲ.

ಕೋರ್ಟಿನ ದಾಖಲೆಯ ಲೆಕ್ಕ ನೋಡಿ. ಸಿಲ್ವರ್ ಕೆಮಿಕಲ್ಸ್ ತಯಾರಿಸಿದ ಎಚ್ ಆ್ಯಸಿಡ್ ಒಟ್ಟು 375 ಟನ್. ಅದಕ್ಕೆ ಹೊರಬಿದ್ದ ಕೊಳಕು ನೀರು 8,250 ಘನ ಮೀಟರ್, ಅಂದ್ರೆ 5,000 ಲೀಟರಿನ ಟ್ಯಾಂಕರಲ್ಲಿ 1,650 ಲೋಡು. ಅದರ ಮೇಲೆ 2,440 ಟನ್ ಕೆಸರು. ಒಂದು ಟನ್ ಮಾಲಿಗೆ ಆರೂವರೆ ಟನ್ ಕೆಸರು! ಅದರಲ್ಲಿ ಹೆಚ್ಚಿನ ಪಾಲು ಜಿಪ್ಸಂ. ಜಿಪ್ಸಂ ಅಂದ್ರೆ ನಮಗೆ ಚೌಳು ಭೂಮಿಗೆ ಹಾಕೋದು ನೆನಪಾಗುತ್ತೆ, ಆದ್ರೆ ಇದು ವಿಷ ಕುಡಿದ ಜಿಪ್ಸಂ.

ನೀರನ್ನ ಶುದ್ಧ ಮಾಡದೆ ಹೊರಗೆ ಬಿಟ್ಟರು. ಉದಯಪುರದ್ದೂ ನಮ್ಮ ಹಾಗೇ ಗಟ್ಟಿ ಕಲ್ಲಿನ ನೆಲ. ಅಂಥ ನೆಲದಲ್ಲಿ ನೀರು ಮರಳಲ್ಲಿ ಸೋಸಿಕೊಂಡು ಹೋಗಲ್ಲ, ಬಂಡೆಯ ಬಿರುಕು ಹಿಡಿದು ಓಡುತ್ತೆ. ಪಕ್ಕದ ಬಾವಿ ಚೆನ್ನಾಗಿದ್ದು ದೂರದ್ದು ಕೆಡಬಹುದು. ಎಚ್ ಆ್ಯಸಿಡ್ ಅಂತೂ ನೀರಲ್ಲಿ ಬೆರೆತು ಹೋಗುವಂಥದ್ದು. ಬಾವಿ ನೀರೆಲ್ಲ ಕಪ್ಪಾಯ್ತು, ಕುಡಿಯೋಕಾಗಲಿ ದನಕ್ಕಾಗಲಿ ಬೆಳೆಗಾಗಲಿ ಬಾರದ ಹಾಗಾಯ್ತು. ಊರವರು ಸಿಡಿದೆದ್ದರು. 144ನೇ ಸೆಕ್ಷನ್ ಹಾಕಿದರು. 1989ರ ಜನವರಿಗೆ ಸಿಲ್ವರ್ ಕೆಮಿಕಲ್ಸ್ ಬಾಗಿಲು ಹಾಕಿತು.

ಫ್ಯಾಕ್ಟರಿ ನಿಂತರೆ ಮುಗೀತು ಅಂದುಕೊಳ್ತೀವಿ. ಕೆಸರು ಅಲ್ಲೇ ಇತ್ತಲ್ಲ. ಅದನ್ನ ಸುರಕ್ಷಿತ ಗುಂಡಿಗೆ ತುಂಬಿ ಅಂತ ಕೋರ್ಟು ಹೇಳಿದ ಮೇಲೂ ಗುಂಡಿಗೆ ಹೋಗಿದ್ದು ಸುಮಾರು 720 ಟನ್. ಉಳಿದದ್ದನ್ನ ಜಾಗದ ತುಂಬ ಹರಡಿ ಮೇಲೆ ಮಣ್ಣು ಮುಚ್ಚಿದ್ದರು. ಪ್ರತಿ ಮಳೆಗೂ ಅದರ ರಸ ಕೆಳಗೆ ಇಳೀತಾ ಇತ್ತು.

ಇಲ್ಲಿ ಬರ್ತಾರೆ ಅಳೆಯುವವರು. ನಾಗಪುರದ ನೀರಿ, ಅಂದ್ರೆ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ, ಕೋರ್ಟಿನ ಸೂಚನೆಯಂತೆ ಹೋಗಿ ಮಣ್ಣು, ಬಾವಿ ನೀರು, ಕೆಸರು ಪರೀಕ್ಷೆ ಮಾಡಿ 1994ರಲ್ಲಿ ವರದಿ ಕೊಟ್ಟಿತು. ಕೆಸರು ಎಲ್ಲಿದೆ, ಎಷ್ಟಿದೆ, ಶುದ್ಧ ಮಾಡೋಕೆ ಎಷ್ಟು ಬೇಕು ಅನ್ನೋದು ಕಾಗದದ ಮೇಲೆ ಬಂತು. ನನ್ನ ಪ್ರಕಾರ ಇಡೀ ಕೇಸು ನಿಂತಿದ್ದೇ ಆ ವರದಿ ಮೇಲೆ. "ನಮ್ಮ ನೀರು ಕೆಟ್ಟಿದೆ" ಅಂತ ಸಾವಿರ ಜನ ಕೂಗಿದರೂ ಅದು ಆರೋಪವಷ್ಟೇ. ಅಂಕಿ ಬಂದಮೇಲೆ ಅದು ಸಾಕ್ಷಿ.

1996ರ ಫೆಬ್ರವರಿ 13ರಂದು ತೀರ್ಪು ಬಂತು: ಕೆಡಿಸಿದವನೇ ಖರ್ಚು ಭರಿಸಬೇಕು, ಎಷ್ಟು ಅನ್ನೋದನ್ನ ಕೇಂದ್ರ ಸರ್ಕಾರ ನಿಗದಿ ಮಾಡಬೇಕು. ನಿಗದಿಯಾಗಿದ್ದು 37.385 ಕೋಟಿ ರೂಪಾಯಿ. ಕಂಪನಿಯವರು ಕಟ್ಟಲಿಲ್ಲ. ಅರ್ಜಿ ಮೇಲೆ ಅರ್ಜಿ ಹಾಕ್ತಾ 15 ವರ್ಷ ಎಳೆದರು. 2011ರ ಜುಲೈನಲ್ಲಿ ನ್ಯಾಯಮೂರ್ತಿ ದಲ್‌ವೀರ್ ಭಂಡಾರಿ ಮತ್ತು ನಮ್ಮ ಚಿಕ್ಕಮಗಳೂರು ಕಡೆಯ ಎಚ್.ಎಲ್. ದತ್ತು ಅವರ ಪೀಠ ಶೇ 12 ಚಕ್ರಬಡ್ಡಿ ಸೇರಿಸಿ ಕಟ್ಟಿ ಅಂತು. 1997ರಿಂದ ಲೆಕ್ಕ ಹಾಕಿದರೆ ಅಸಲಿನ ನಾಲ್ಕು ಪಟ್ಟಿಗೂ ಮೀರುತ್ತೆ. ನಮ್ಮ ಸಾಲಕ್ಕೆ ಬೀಳೋ ಚಕ್ರಬಡ್ಡಿ ಒಂದ್ಸಲ ಅವರ ಕಡೆಗೂ ತಿರುಗಿತು ನೋಡಿ.

ಆದ್ರೆ ಈ ದುಡ್ಡು ಮಣ್ಣು ನೀರು ಶುದ್ಧ ಮಾಡೋಕೆ. ರೈತನ ಬೆಳೆ ನಷ್ಟ, ದನದ ನಷ್ಟ ಇದರಲ್ಲಿಲ್ಲ. ಅದಕ್ಕೆ ಬೇಕಿದ್ದರೆ ಬೇರೆ ಸಿವಿಲ್ ದಾವೆ ಹಾಕಿಕೊಳ್ಳಬಹುದು ಅಂತ 1996ರಲ್ಲೇ ಕೋರ್ಟು ಹೇಳಿಬಿಟ್ಟಿತ್ತು. ಅಂಥ ದಾವೆಗೆ ಹೋದ ರೈತನಿಗೆ ಮೊದಲು ಎದುರಾಗೋ ಪ್ರಶ್ನೆ: ಫ್ಯಾಕ್ಟರಿ ಬರೋಕೆ ಮುಂಚೆ ನಿನ್ನ ಬಾವಿ ನೀರು ಹೇಗಿತ್ತು, ತೋರಿಸು.

ನಮ್ಮಲ್ಲಿ ಎಷ್ಟು ಜನರ ಹತ್ರ ಆ ಕಾಗದ ಇದೆ? ನಾವು ಮಾಡಿಸೋ ನೀರಾವರಿ ಪರೀಕ್ಷೆಯಲ್ಲಿ ರಸಸಾರ, ಲವಣ, ಸೋಡಿಯಂ ನೋಡ್ತಾರೆ. ಎಚ್ ಆ್ಯಸಿಡ್ ಥರದ್ದು ನೇರವಾಗಿ ಅದರಲ್ಲಿ ಸಿಗಲ್ಲ. ಲ್ಯಾಬಿನಲ್ಲಿ 'ಸಿಒಡಿ' ಮತ್ತು ಸಲ್ಫೇಟ್ ಕೂಡ ನೋಡಿ ಅಂತ ಬರೆಸಬೇಕು. ಮಳೆಗಾಲಕ್ಕೆ ಮುಂಚೆ ಒಂದ್ಸಲ, ಆಮೇಲೆ ಒಂದ್ಸಲ. ಬೋರು ಹತ್ತು ನಿಮಿಷ ಓಡಿಸಿ ನೀರು ಹಿಡೀರಿ, ಬಾಟಲಿ ಮೇಲೆ ಸರ್ವೆ ನಂಬರು, ತಾರೀಖು ಬರೀರಿ, ರಸೀದಿ ಪಹಣಿ ಜೊತೆಗೇ ಇಡಿ.