ಮಗ್ಗವನ್ನರಿಯದ ಬಟ್ಟೆ

ಕಂಬಳಿ ಎಂದೊಡನೆ ನಮ್ಮ ನೆನಪಿಗೆ ಬರುವುದು ಚಳ್ಳಕೆರೆಯ ಕಡೆಯ ಕರಿಯ ಕಂಬಳಿ. ಕುರುಬರ ಮನೆಯ ಹೆಂಗಸರು ಉಣ್ಣೆಯನ್ನು ನೂಲುವರು. ಹಾಸಿನ ನೂಲಿಗೆ ಹುಣಿಸೆ ಬೀಜದ ಗಂಜಿಯನ್ನು ಹಚ್ಚಿ ಮಗ್ಗದಲ್ಲಿ ನೆಯ್ಯುವರು. ನಾನು ಈ ಹೊತ್ತು ಹೇಳಬೇಕೆಂದಿರುವುದು ನೂಲನ್ನಾಗಲಿ ಮಗ್ಗವನ್ನಾಗಲಿ ಅರಿಯದ ಇನ್ನೊಂದು ಉಣ್ಣೆಯ ಬಟ್ಟೆಯ ವಿಷಯ. ಇಂಗ್ಲಿಷರು ಅದನ್ನು ಫೆಲ್ಟ್ ಎನ್ನುವರು. ಕಾಶ್ಮೀರದಲ್ಲಿ ಅದರ ಹಾಸುಗಂಬಳಿಗೆ ನಮ್ದಾ ಎಂದು ಹೆಸರು.

ಕುರಿಯ ಉಣ್ಣೆಯ ಎಳೆಯನ್ನು ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟು ನೋಡಿದರೆ ಮೀನಿನ ಮೈಮೇಲಿರುವಂತಹ ಹುರುಪೆಗಳು ಕಾಣುವುವು. ಬಿಸಿ, ತೇವ, ಒತ್ತಡ ಈ ಮೂರೂ ಕೂಡಿದಾಗ ಈ ಹುರುಪೆಗಳು ಒಂದಕ್ಕೊಂದು ತೊಡಕಿಕೊಂಡು ಮತ್ತೆ ಬಿಡಿಸಲಾಗದಂತೆ ಬಿಗಿಯುತ್ತವೆ. ಹತ್ತಿಗೆ ಈ ಗುಣವಿಲ್ಲ. ಉಣ್ಣೆಯ ಅಂಗಿಯನ್ನು ಕುದಿನೀರಿನಲ್ಲಿ ಒಗೆಸಿ, ಅದು ಮಗುವಿನ ಅಂಗಿಯಷ್ಟಾದುದನ್ನು ಕಂಡು ಮರುಗಿದ ಗೃಹಿಣಿಯರಿಗೆ ಇದನ್ನು ವಿವರಿಸಬೇಕಾದುದಿಲ್ಲ.

ಈ ಕಲೆ ಎಷ್ಟು ಹಳೆಯದು? ಗ್ರೀಕ್ ಚರಿತ್ರಕಾರನಾದ ಹೆರೊಡೋಟಸನು ಕ್ರಿ. ಪೂ. 5ನೆಯ ಶತಮಾನದಲ್ಲಿಯೇ ಸಿಥಿಯನರ ಫೆಲ್ಟಿನ ಗುಡಾರಗಳನ್ನು ವರ್ಣಿಸಿದ್ದಾನೆ. ಆದರೆ ಮಾತಿಗಿಂತ ವಸ್ತುವೇ ಬಲವಾದ ಸಾಕ್ಷಿಯಲ್ಲವೆ? ಸೈಬೀರಿಯದ ಆಲ್ಟಾಯ್ ಪರ್ವತಗಳಲ್ಲಿ ಪಾಜಿರಿಕ್ ಎಂಬ ಕಣಿವೆಯುಂಟು. ಅಲ್ಲಿನ ಸಮಾಧಿ ದಿಬ್ಬಗಳಲ್ಲಿ ಮೊದಲನೆಯದನ್ನು 1929ರಲ್ಲಿ ಅಗೆದರು. 1947 ಮೊದಲ್ಗೊಂಡು 1949ರವರೆಗೆ ರುಡೆಂಕೊ ಎಂಬ ವಿದ್ವಾಂಸರು ಉಳಿದ ದೊಡ್ಡ ದಿಬ್ಬಗಳನ್ನು ತೆರೆದರು. ಸುಮಾರು ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದಿನ ಫೆಲ್ಟ್ ಅಲ್ಲಿ ಬಣ್ಣಸಹಿತವಾಗಿ ಉಳಿದಿದ್ದಿತು! ಪೀಠದ ಮೇಲೆ ಕುಳಿತ ದೇವತೆ, ಅವಳೆದುರು ನಿಂತ ಕುದುರೆ ಸವಾರ, ಇವರ ಚಿತ್ರವುಳ್ಳ ಗೋಡೆಯಷ್ಟಗಲದ ತೆರೆ. ಒಳಗೆ ರೋಮವನ್ನು ತುಂಬಿ ಹೊಲಿದ ಹಂಸಗಳು. ಇವೆಲ್ಲವೂ ಈಗ ಲೆನಿನ್‌ಗ್ರಾಡ್ ಎಂದು ಹೆಸರಾಗಿದ್ದ ಪೀಟರ್ಸ್‌ಬರ್ಗಿನ ಹರ್ಮಿಟೇಜ್ ವಸ್ತುಸಂಗ್ರಹಾಲಯದಲ್ಲಿವೆ. ಇವು ಉಳಿದ ಬಗೆಯೂ ಸ್ವಾರಸ್ಯವಾದುದು. ಪ್ರಾಚೀನ ಕಾಲದಲ್ಲಿಯೇ ಕಳ್ಳರು ಸಮಾಧಿಗಳಿಗೆ ಕನ್ನ ಕೊರೆದು ಚಿನ್ನವನ್ನು ಒಯ್ದರು. ಉಣ್ಣೆ ಅವರಿಗೆ ಬೇಡವಾಯಿತು. ಅವರು ಕೊರೆದ ದಾರಿಯಿಂದಲೇ ನೀರು ಒಳಗಿಳಿದು ಹೆಪ್ಪುಗಟ್ಟಿತು. ಆ ಮಂಜುಗಡ್ಡೆಯೇ ಬಟ್ಟೆಯನ್ನು ಕಾಪಾಡಿತು.

ಆಲ್ಟಾಯಿಯಿಂದ ನೈರುತ್ಯಕ್ಕೆ ಬಹುದೂರ ಸಾಗಿದರೆ ಕಿರ್ಗಿಜ್ ಜನರ ನಾಡು. ಅಲ್ಲಿ ಈ ಕಲೆ ಇಂದಿಗೂ ಹೆಂಗಸರ ಕೈಯಲ್ಲಿದೆ. ಉಣ್ಣೆಯನ್ನು ಕೋಲುಗಳಿಂದ ಬಡಿದು ಬಿಡಿಸಿ, ಹುಲ್ಲುಕಡ್ಡಿಯ ಚಾಪೆಯ ಮೇಲೆ ಹರಡಿ, ಕುದಿನೀರು ಚಿಮುಕಿಸಿ ಸುರುಳಿ ಸುತ್ತುವರು. ಆ ಸುರುಳಿಯನ್ನು ಹಗ್ಗ ಕಟ್ಟಿ ಉರುಳಿಸುವರು, ತುಳಿಯುವರು; ಕೊನೆಗೆ ಮೊಳಕೈಯೂರಿ ಉಜ್ಜುವರು. ಒಬ್ಬಳಿಂದ ಆಗತಕ್ಕ ಕೆಲಸವಲ್ಲ, ನೆರೆಹೊರೆಯೆಲ್ಲ ಸೇರಬೇಕು. ಶಿರ್ದಾಕ್ ಎಂಬ ಹಾಸನ್ನು ಮಾಡುವ ಕ್ರಮವಂತೂ ನನಗೆ ಅತ್ಯಂತ ಮೆಚ್ಚಿಗೆಯಾದುದು. ಬೇರೆ ಬೇರೆ ಬಣ್ಣದ ಎರಡು ಫೆಲ್ಟುಗಳನ್ನು ಒಂದರ ಮೇಲೊಂದು ಇಟ್ಟು, ಟಗರಿನ ಕೊಂಬಿನಂತಹ ಆಕೃತಿಯನ್ನು ಬರೆದು, ಎರಡನ್ನೂ ಒಟ್ಟಿಗೆ ಕತ್ತರಿಸುತ್ತಾರೆ. ಕೆಂಪಿನಿಂದ ಕತ್ತರಿಸಿದ ತುಂಡು ಕಪ್ಪಿನ ಕಂಡಿಗೆ ಸರಿಹೊಂದುವುದು. ಕಪ್ಪಿನ ತುಂಡು ಕೆಂಪಿನ ಕಂಡಿಗೆ. ಹೀಗೆ ಒಂದೇ ಕತ್ತರಿಕೆಯಿಂದ ಎರಡು ಹಾಸುಗಳಾಗುವುವು, ಚೂರೂ ವ್ಯರ್ಥವಾಗದು. ಮಿತವ್ಯಯವೇ ಇಲ್ಲಿ ಅಲಂಕಾರವಾಗಿದೆ. ಬಳಸಿ ಸವೆದ ಮೇಲೆ ಬಣ್ಣವಿಲ್ಲದ ಉಣ್ಣೆ ಮಣ್ಣಿನಲ್ಲಿ ಕೊಳೆತು ಮಣ್ಣಾಗುತ್ತದೆ.

ಹಾಗೆಂದು ಫೆಲ್ಟ್ ಎಂಬುದೆಲ್ಲ ನಿರ್ದೋಷವೆಂದು ತಿಳಿಯಬಾರದು. ಇದೇ ವಿದ್ಯೆ ಯೂರೋಪ್ ಅಮೆರಿಕಗಳ ಟೋಪಿಯ ಕಾರ್ಖಾನೆಗಳನ್ನು ಸೇರಿದಾಗ ಕುರಿಯ ಸ್ಥಾನದಲ್ಲಿ ಬೀವರ್ ಮತ್ತು ಮೊಲಗಳ ತುಪ್ಪುಳು ಬಂದಿತು. ಬೀವರ್ ಎಂಬ ಪ್ರಾಣಿ ಎಷ್ಟೋ ಪ್ರದೇಶಗಳಲ್ಲಿ ನಿರ್ಮೂಲವಾಯಿತು. ತುಪ್ಪುಳು ಚೆನ್ನಾಗಿ ಬೆಸೆಯಲೆಂದು ಪಾದರಸದ ಲವಣವನ್ನು ಹಚ್ಚಿದರು. ಅದರ ಹಬೆಯನ್ನು ಉಸಿರಾಡಿದ ಕೆಲಸಗಾರರಿಗೆ ಕೈಕಾಲುಗಳ ನಡುಕವೂ ಬುದ್ಧಿಭ್ರಮಣೆಯೂ ಬಂದುವು. ಅಮೆರಿಕದಲ್ಲಿ ಆ ಪದ್ಧತಿ ನಿಂತದ್ದು 1941ರಲ್ಲಿ. ಟೋಪಿಗೆ ಹೆಸರಾಗಿದ್ದ ಡ್ಯಾನ್ಬರಿ ಪಟ್ಟಣದ ಹೊಳೆಯ ಕೆಸರಿನಲ್ಲಿ ಆ ಪಾದರಸ ಇನ್ನೂ ಉಂಟು. ಕಲೆ ಒಂದೇ, ಅದನ್ನು ಅವಸರದ ಲಾಭಕ್ಕೆ ಹೂಡಿದ ರೀತಿ ಬೇರೆ.

ಕಿರ್ಗಿಜ್ ನಾಡಿನಲ್ಲಿಯೂ ಈ ಕಲೆಗೆ ಕೇಡು ತಟ್ಟದೆ ಹೋಗಲಿಲ್ಲ. ಸೋವಿಯತ್ ಆಳ್ವಿಕೆಯಲ್ಲಿ ಅಲೆಮಾರಿಗಳನ್ನು ನೆಲೆಗೊಳಿಸಿ, ಒರಟು ಉಣ್ಣೆಯ ನಾಡಕುರಿಗೆ ಬದಲಾಗಿ ಗಿರಣಿಗಳಿಗೆ ಒಪ್ಪುವ ನಯವಾದ ಉಣ್ಣೆಯ ತಳಿಯನ್ನು ಬೆಳೆಸಿದರು. ಮನೆಯ ಹಾಸಿಗೆ ಎಂತಹ ಉಣ್ಣೆ ಬೇಕೆಂದು ಆ ಹೆಂಗಸರನ್ನು ಕೇಳಿದವರಾರು? 1991ರಲ್ಲಿ ಒಕ್ಕೂಟ ಒಡೆದ ಮೇಲೆ ಸಾಮೂಹಿಕ ಬೇಸಾಯಗಳೂ ಮುರಿದುವು. ಕೆಲವೇ ವರ್ಷಗಳಲ್ಲಿ ಕುರಿಗಳ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿಯಿತು. 2012ರಲ್ಲಿ ಯುನೆಸ್ಕೊ ಸಂಸ್ಥೆಯು ಶಿರ್ದಾಕನ್ನೂ ಅದರ ಜೊತೆಯ ಆಲಾ-ಕಿಯಿಜನ್ನೂ ತುರ್ತಾಗಿ ರಕ್ಷಿಸಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಅಗ್ಗದ ಕೃತಕ ನೂಲಿನ ರತ್ನಗಂಬಳಿಗಳು, ತರುಣರ ಅನಾದರ, ಒಳ್ಳೆಯ ಉಣ್ಣೆಯ ಅಭಾವ, ಇವು ಅಲ್ಲಿ ಹೇಳಿದ ಕಾರಣಗಳಲ್ಲಿ ಮುಖ್ಯವಾದುವು.

ಕಡೆಯದನ್ನು ಓದಿದಾಗ ನನಗೆ ನಮ್ಮ ದಖನಿ ಕುರಿಯ ನೆನಪಾಯಿತು. ಬಯಲುಸೀಮೆಯ ಬಿಸಿಲಿಗೂ ಬರಕ್ಕೂ ಹೊಂದಿಕೊಂಡ ಈ ಪ್ರಾಣಿಯನ್ನು ಮಾಂಸದ ಆಸೆಯಿಂದ ಉಣ್ಣೆಯಿಲ್ಲದ ತಳಿಗಳೊಡನೆ ಬೆರೆಸುತ್ತ ಬಂದಿದ್ದಾರೆ. ಉಣ್ಣೆಯುಳ್ಳ ಕುರಿಗೆ ವರ್ಷಕ್ಕೆ ಎರಡು ಸಲ ಕತ್ತರಿ ಹಾಕಲೇಬೇಕು, ಇಲ್ಲದಿದ್ದರೆ ಅದಕ್ಕೆ ಸುಖವಿಲ್ಲ. ಅನೇಕ ಕಡೆಗಳಲ್ಲಿ ಈಗ ಆ ಉಣ್ಣೆಯನ್ನು ಕೊಳ್ಳುವವರಿಲ್ಲ. ಕುರಿಗಾಹಿಯು ಕತ್ತರಿಸಿದವನಿಗೆ ಕೂಲಿ ಕೊಟ್ಟು, ಉಣ್ಣೆಯನ್ನು ಬೇಲಿಯ ಬುಡದಲ್ಲಿ ಬಿಟ್ಟು, ಮಂದೆಯನ್ನು ಮುಂದಕ್ಕೆ ಹೊಡೆದುಕೊಂಡು ಹೋಗುತ್ತಾನೆ.