ಹಟ್ಟಿ: ಪದವೊಂದು, ಅರ್ಥ ಹಲವು

ಸ್ಪ್ಯಾನಿಷ್ ಮೂಲದ ‘ರಾಂಚ್’ ಪದವು ಅಮೆರಿಕದಲ್ಲಿ ದನ ಸಾಕುವ ವಿಶಾಲ ಹುಲ್ಲುಗಾವಲನ್ನೂ ಅಲ್ಲಿನ ಮನೆಮಾರನ್ನೂ ಸೂಚಿಸುತ್ತದೆ. ಕನ್ನಡದಲ್ಲಿ ಇದಕ್ಕೆ ಸಮೀಪವಾದುದು ‘ಹಟ್ಟಿ’.

ಕರಾವಳಿಯಲ್ಲಿ ಹಟ್ಟಿಯೆಂದರೆ ದನದ ಕೊಟ್ಟಿಗೆ. ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗೊಲ್ಲರಹಟ್ಟಿಗಳು ಪಶುಪಾಲಕರ ವಸತಿಗಳು. ನೀಲಗಿರಿಯ ಬಡಗರಿಗೆ ಹಟ್ಟಿಯೇ ಊರು. ಬೆಳಗಾವಿ ಭಾಗದಲ್ಲಿ ದೀಪಾವಳಿಯ ಪಾಡ್ಯದಂದು ಸೆಗಣಿಯಿಂದ ಪಾಂಡವರನ್ನು ಮಾಡಿ, ಹೂವೇರಿಸಿ ಪೂಜಿಸುವುದು ‘ಹಟ್ಟಿ ಹಬ್ಬ’. ಇದೇ ಬಳಗದ ‘ದೊಡ್ಡಿ’ಯು ದನ ಕೂಡುವ ಜಾಗವೂ ಹೌದು, ರಾಯಚೂರು, ರಾಮನಗರಗಳ ಕಡೆ ಊರಿನ ಹೆಸರೂ ಹೌದು. ಮೈಸೂರು ಸಂಸ್ಥಾನದ ಅಮೃತಮಹಲ್ ರಾಸುಗಳಿಗೆ ಮೀಸಲಿಟ್ಟ ಹುಲ್ಲುಗಾವಲು ‘ಕಾವಲು’.

ಖಾನಾಪುರದ ಕಾಡಂಚಿನಲ್ಲಿ ಎಮ್ಮೆ ಸಾಕುವ ಗೌಳಿಗಳ ನೆಲೆಗೆ ‘ಗೌಳಿವಾಡ’ ಎಂಬ ಹೆಸರಿದೆ.

ಇಂತಹ ಹೆಸರುಗಳಿಗೆ ಕಾನೂನಿನ ತೂಕವೂ ಉಂಟು. ದಾಖಲೆಯಿಲ್ಲದ ಜನವಸತಿಗಳ ನಿವಾಸಿಗಳಿಗೆ ಮನೆಯ ಅಡಿನೆಲದ ಒಡೆತನ ನೀಡಲು 2017ರಲ್ಲಿ ಜಾರಿಯಾದ ಕರ್ನಾಟಕದ ಭೂಸುಧಾರಣಾ ತಿದ್ದುಪಡಿಯು ಗೊಲ್ಲರಹಟ್ಟಿ, ಕುರುಬರಹಟ್ಟಿ, ದೊಡ್ಡಿಗಳನ್ನು ಹೆಸರಿಸಿಯೇ ಹೇಳುತ್ತದೆ. ಅರಣ್ಯದೊಳಗಿನ ನೆಲೆಗಳಿಗೆ ದಾರಿ ಬೇರೆ. 2006ರ ಅರಣ್ಯ ಹಕ್ಕು ಕಾಯ್ದೆಯು ಮೇವಿನ ಹಕ್ಕನ್ನು ಮಾನ್ಯ ಮಾಡುತ್ತದೆಯಾದರೂ, ಪರಿಶಿಷ್ಟ ಪಂಗಡಕ್ಕೆ ಸೇರದವರು 2005ರ ಡಿಸೆಂಬರ್ 13ಕ್ಕೂ ಹಿಂದಿನ ಮೂರು ತಲೆಮಾರುಗಳ, ಅಂದರೆ 75 ವರ್ಷಗಳ ವಾಸವನ್ನು ಸಾಬೀತುಪಡಿಸಬೇಕು. ಮೇವನ್ನರಸಿ ನೆಲೆ ಬದಲಿಸಿದ ಪಶುಪಾಲಕರಿಗೆ ಇದು ಸುಲಭವಲ್ಲ. ಆದರೆ ಹಿರಿಯರ ಲಿಖಿತ ಹೇಳಿಕೆಯನ್ನೂ ಸಾಕ್ಷ್ಯವಾಗಿ ಪರಿಗಣಿಸಲು ನಿಯಮಗಳಲ್ಲಿ ಅವಕಾಶವಿದೆ. ಹಳೆಯ ಹಟ್ಟಿ, ದೊಡ್ಡಿಗಳ ಹೆಸರುಗಳು ಹಿರಿಯರ ನೆನಪಿನಿಂದ ಅಳಿಯುವ ಮುನ್ನ ಬರಹಕ್ಕಿಳಿಯಬೇಕಾದುದು ಈ ಕಾರಣಕ್ಕಾಗಿಯೇ.