ಓಟಿಪಿ ಯಾರಿಗೂ ಹೇಳಬೇಡಿ, ಆದರೆ ಓದೋದು ಹೇಗೆ?

‘ಓಟಿಪಿ ಯಾರಿಗೂ ಹೇಳಬೇಡಿ’ ಅಂತ ಬ್ಯಾಂಕಿನವರು ಪದೇ ಪದೇ ಮೆಸೇಜ್ ಕಳಿಸ್ತಾರೆ. ಸರಿ, ಕಣ್ಣು ಕಾಣದವರು ಅದನ್ನ ಓದೋದು ಹೇಗೆ? ಪತ್ರ, ಪಾಸ್‌ಬುಕ್, ಮೆಸೇಜ್ ಎಲ್ಲವನ್ನೂ ಪಕ್ಕದವರ ಕೈಲಿ ಓದಿಸಿಕೊಳ್ಳಬೇಕಾದರೆ ಗುಟ್ಟು ಅನ್ನೋದು ಎಲ್ಲಿ ಉಳಿಯುತ್ತೆ?

ಸ್ಮಾರ್ಟ್‌ಫೋನ್ ಮಟ್ಟಿಗೆ 2009 ದೊಡ್ಡ ತಿರುವು. ಆ ವರ್ಷ ಐಫೋನ್ 3ಜಿಎಸ್‌ಗೆ ವಾಯ್ಸ್‌ಓವರ್ ಬಂತು. ಅದೇ ವರ್ಷ ಆಂಡ್ರಾಯ್ಡ್‌ಗೆ ಟಾಕ್‌ಬ್ಯಾಕ್ ಬಂತು. ಗೂಗಲ್‌ನಲ್ಲಿ ಇದರ ಹಿಂದಿದ್ದವರಲ್ಲಿ ಒಬ್ಬರು ಪುಣೆಯಲ್ಲಿ ಬೆಳೆದ ಟಿ.ವಿ. ರಾಮನ್. ಅವರಿಗೂ ದೃಷ್ಟಿ ಇಲ್ಲ. ಪರದೆ ಮುಟ್ಟಿದರೆ ಅಲ್ಲೇನಿದೆ ಅಂತ ಫೋನೇ ಹೇಳುತ್ತೆ. ಇಯರ್‌ಫೋನ್ ಹಾಕಿಕೊಂಡರೆ ಪಕ್ಕದವರಿಗೂ ಕೇಳಲ್ಲ. ಐಫೋನಿನ ‘ಸ್ಕ್ರೀನ್ ಕರ್ಟನ್’ ಆನ್ ಮಾಡಿದರೆ ಪರದೆ ಪೂರ್ತಿ ಕಪ್ಪು. ಯಾರೂ ಇಣುಕಿ ನೋಡೋಕಾಗಲ್ಲ.

ಆದರೆ ಆ್ಯಪ್ ಮಾಡೋರು ಬಟನ್‌ಗಳಿಗೆ ಹೆಸರು ಕೊಡದಿದ್ದರೆ? ಫೋನು ಬರೀ ‘ಬಟನ್, ಬಟನ್’ ಅನ್ನುತ್ತೆ. ಹಣ ಕಳಿಸೋದು ಯಾವುದು, ರದ್ದು ಮಾಡೋದು ಯಾವುದು? ಮತ್ತೆ ಫೋನನ್ನ ಇನ್ನೊಬ್ಬರ ಕೈಗೆ ಕೊಡಬೇಕು. ಅದರ ಜೊತೆಗೆ ಪಿನ್ನೂ ಹೋಗುತ್ತೆ.

ಈಗ ಕೋರ್ಟಿಗೆ ಬರೋಣ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿತು: ಖಾಸಗಿತನ ಮೂಲಭೂತ ಹಕ್ಕು.

ಹಕ್ಕೇನೋ ಸಿಕ್ತು, ಆದರೆ ಆ್ಯಪ್‌ನಲ್ಲಿ ಕೆವೈಸಿ ಮಾಡುವಾಗ ‘ಕಣ್ಣು ಮಿಟುಕಿಸಿ’ ಅನ್ನೋ ಸೂಚನೆ ಬರ್ತಿತ್ತು. ಆ್ಯಸಿಡ್ ದಾಳಿಯಲ್ಲಿ ಕಣ್ಣು, ಮುಖಕ್ಕೆ ಹಾನಿಯಾದವರು ಮಿಟುಕಿಸೋದು ಹೇಗೆ? ದೃಷ್ಟಿ ಇಲ್ಲದವರು ಕ್ಯಾಮೆರಾಗೆ ಮುಖ ಹೊಂದಿಸೋದು ಹೇಗೆ? ಅವರು ಹಾಕಿದ ಅರ್ಜಿಗಳ ಮೇಲೆ 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಡಿಜಿಟಲ್ ಸೇವೆ ಬಳಸೋ ಅವಕಾಶ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಹೇಳಿ, 20 ನಿರ್ದೇಶನ ನೀಡಿತು.

ಇಷ್ಟಕ್ಕೇ ಎಲ್ಲ ಮುಗಿದಿಲ್ಲ. 2023ರ ಡೇಟಾ ರಕ್ಷಣಾ ಕಾಯ್ದೆಯ 9ನೇ ಸೆಕ್ಷನ್, ಕಾನೂನುಬದ್ಧ ಪೋಷಕರಿರುವ ಅಂಗವಿಕಲರನ್ನ ಮಕ್ಕಳ ಜೊತೆಗೇ ಸೇರಿಸಿದೆ. ವಯಸ್ಸು 40 ಆಗಿದ್ದರೂ ಅವರ ಮಾಹಿತಿಗೆ ಒಪ್ಪಿಗೆ ಕೊಡೋದು ಪೋಷಕರು. ನನ್ನ ಗುಟ್ಟು ಕಾಯೋಕೆ ಇನ್ನೊಬ್ಬರ ಸಹಿ ಬೇಕು ಅಂದ್ರೆ, ಅದು ಯಾರ ಗುಟ್ಟು?

ಹಾಗಾಗಿ ಆ್ಯಪ್ ಮಾಡೋ ಗೆಳೆಯರೇ, ಬಟನ್‌ಗೊಂದು ಹೆಸರು ಕೊಡಿ. ಅದು ಸೌಜನ್ಯ ಮಾತ್ರ ಅಲ್ಲ, ಒಬ್ಬರ ಗುಟ್ಟಿಗೆ ಹಾಕೋ ಬೀಗ. ಮುಂದಿನ ಸಂಚಿಕೆಯಲ್ಲಿ ಸಿಗೋಣ.